ಬ್ರಷ್ಷು ನಿಂದು, ನೀರು ಎಲ್ಲರದು

ನಾನು ಪೇಂಟರ್ ರೀ. ಗೋಡೆಗೆ ಬಣ್ಣ ಬಳಿಯೋ ಮೇಸ್ತ್ರಿ. ಈ ಕೆಲಸಕ್ಕೆ ಬಿದ್ದು ಇಪ್ಪತ್ತೆಂಟು ವರ್ಷ ಆಯ್ತು. ನನಗೆ ಬಾಯಿ ಸ್ವಲ್ಪ ಜಾಸ್ತಿ, ಸಿಟ್ಟು ಮೂಗಿನ ತುದೀಲೇ ಇರುತ್ತೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ‘ಈ ಮನುಷ್ಯ ಯಾಕೆ ಹೀಗೆ ಆಡ್ದ’ ಅಂತ ಕೇಳಬೇಡಿ. ಹಾಗೆ ಆಡಿದ್ದಕ್ಕೇ ಇವತ್ತು ನಿಮ್ಮ ಮುಂದೆ ಕೂತು ಹೇಳ್ತಾ ಇರೋದು.

ನಾವು ಮೂರು ಜನದ ತಂಡ. ನಾನು, ನನ್ನ ತಮ್ಮ, ಇನ್ನೊಬ್ಬ ಏಣಿ. ಏಣಿ ಅಂದ್ರೆ ಮನುಷ್ಯನೇ. ಅಷ್ಟು ಉದ್ದ ಇದ್ದಾನೆ, ಸ್ಟೂಲ್ ಹತ್ತದೇ ಕಿಟಕಿ ಮೇಲಿನ ಮೂಲೆ ಮುಟ್ತಾನೆ, ಅದಕ್ಕೇ ಆ ಹೆಸರು. ನನ್ನ ತಮ್ಮನಿಗೂ ಒಂದು ಅಡ್ಡಹೆಸರಿದೆ, ಗೆರೆ. ಗೋಡೇಲಿ ಕೆಳಗಿನ ಗಾಢ ಬಣ್ಣ, ಮೇಲಿನ ತಿಳಿ ಬಣ್ಣ ಸೇರೋ ಕಡೆ ಬೇರೆಯವರೆಲ್ಲ ಟೇಪ್ ಅಂಟಿಸ್ತಾರೆ. ಇವನು ಬರೀ ಕೈಯಲ್ಲಿ ಬ್ರಷ್ ಹಿಡಿದು ಉಸಿರು ಬಿಗಿಹಿಡಿದು ಎಳೆದ ಅಂದ್ರೆ ಮುಗೀತು. ಅಳತೆಪಟ್ಟಿ ಇಟ್ಟು ನೋಡಿ ಬೇಕಾದ್ರೆ, ಕೂದಲೆಳೆಯಷ್ಟು ಆಚೀಚೆ ಇರಲ್ಲ.

ನಾನು ಇವರಿಬ್ಬರಿಗೂ ಮೊದಲ ದಿನವೇ ಹೇಳಿಕೊಟ್ಟ ಪಾಠ ಒಂದೇ. ‘ಬ್ರಷ್ಷು ನಿಂದು, ನೀರು ಎಲ್ಲರದು.’ ಬ್ರಷ್ ಅನ್ನೋದು ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ, ಇನ್ನೊಬ್ಬನಿಗೆ ಕೊಡಬಾರದು. ಒಬ್ಬೊಬ್ಬನ ಕೈಗೆ ಒಂದೊಂದು ಥರ ಪಳಗಿರುತ್ತೆ. ಆದ್ರೆ ತೊಳೆಯೋಕೆ ಮಾತ್ರ ಮಧ್ಯದಲ್ಲಿ ಒಂದೇ ಡಬ್ಬ. ಮೂರನೇ ಮಹಡಿಗೆ ನೀರು ಹೊತ್ತು ಸಾಯೋರು ಯಾರು? ಎಲ್ಲರೂ ಅದರಲ್ಲೇ ಅದ್ದಿ, ಅಲ್ಲಾಡಿಸಿ, ಹಿಂಡಿ ಕೆಲಸ ಮುಂದುವರಿಸೋದು. ಈ ಪಾಠ ನನ್ನ ಜಾಣತನ ಅಂತ ಎಲ್ಲರ ಹತ್ರ ಕೊಚ್ಕೊಂಡಿದ್ದೆ.

ಹೋದ ವರ್ಷ ಒಂದು ಶಾಲೆಯ ಕಾರಿಡಾರ್ ಕೆಲಸ ಹಿಡಿದಿದ್ವಿ. ಕೆಳಗೆ ಹಸಿರು, ಮೇಲೆ ಕೆನೆ ಬಣ್ಣ. ಒಂದು ಬೆಳಿಗ್ಗೆ ನೋಡ್ತೀನಿ, ಗೆರೆ ಎಳೆದ ಗೆರೆ ಅಲೆ ಅಲೆಯಾಗಿ ಹೋಗಿದೆ.

“ಏನೋ ಇದು? ಇರುವೆ ಕುಡಿದು ನಡೆದ ಹಾಗಿದೆ!” ಅಂದೆ.

“ಕೈ ನಡುಗ್ತು ಅಣ್ಣ. ಮತ್ತೆ ಬಳೀತೀನಿ.”

“ಕೈ ಯಾಕೆ ನಡುಗುತ್ತೆ? ನಿನಗೇನು ಎಂಬತ್ತು ವರ್ಷನಾ?”

ಸುಡು ಸುಡು ಬಿಸಿಲು, ಇವನು ಮಣಿಕಟ್ಟಿನವರೆಗೂ ತೋಳು ಮುಚ್ಚಿರೋ ಅಂಗಿ ಹಾಕ್ಕೊಂಡು ಬೆವರು ಸುರಿಸ್ತಾ ನಿಂತಿದ್ದಾನೆ. ಮೂಗು ಸೊರಸೊರ ಅಂತಿದೆ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಳ ಕೂಡ ತೆಗೀಲಿಲ್ಲ. ನೆಗಡಿ ಅಂದ. ನಾನೂ ನಂಬಿದೆ. ಗೋಡೆ ಮೇಲಿನ ಚುಕ್ಕಿ ಹತ್ತು ಅಡಿ ದೂರದಿಂದ ಕಾಣೋ ನನ್ನ ಕಣ್ಣಿಗೆ ಪಕ್ಕದಲ್ಲಿದ್ದ ತಮ್ಮ ಕಾಣಲಿಲ್ಲ ನೋಡಿ.

ಆ ಭಾನುವಾರ ನನ್ನ ಹೆಂಡತಿ ಅವನ ಕೆಲಸದ ಚೀಲದಿಂದ ಕೊಳೆ ಅಂಗಿ ತೆಗೆಯೋಕೆ ಹೋದಳು. ಸ್ಯಾಂಡ್ ಪೇಪರ್ ಸುರುಳಿ ಒಳಗೆ ಏನೋ ಗಟ್ಟಿಯಾಗಿ ಕೈಗೆ ತಗುಲ್ತು. ಬಿಚ್ಚಿ ನೋಡಿದ್ರೆ ಸಿರಿಂಜು, ಸೂಜಿ ಸಮೇತ. ಸ್ವಲ್ಪದರಲ್ಲಿ ಅವಳ ಬೆರಳಿಗೇ ಚುಚ್ಚಿಕೊಳ್ತಿತ್ತು.

ಇಲ್ಲಿ ಒಂದು ಮಾತು. ನಮ್ಮ ಅಪ್ಪ ಅಮ್ಮ ಹೋದಾಗ ಗೆರೆಗೆ ಒಂಬತ್ತು ವರ್ಷ. ಅವನನ್ನ ಸಾಕಿದ್ದು ನಾನಲ್ಲ, ಇವಳು. ಹೊಸ ಸೊಸೆಯಾಗಿ ಮನೆಗೆ ಬಂದವಳು ಮೈದುನನ ತಲೆಯ ಹೇನು ಹೆಕ್ಕಿ, ಶಾಲೆಗೆ ಕಳಿಸಿ, ಪೆಟ್ಟು ಕೊಟ್ಟು, ಆಮೇಲೆ ತಾನೇ ಅತ್ತು ದೊಡ್ಡವನ್ನ ಮಾಡಿದವಳು. ಆ ಸಿರಿಂಜು ಹಿಡ್ಕೊಂಡು ಅವಳು ನೆಲದ ಮೇಲೆ ಹಾಗೇ ಕೂತುಬಿಟ್ಟಳು.

“ಇದೇನೋ?” ಅಂತ ನಾನು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿರಬೇಕು.

ಗೆರೆ ತಲೆ ತಗ್ಗಿಸಿಕೊಂಡೇ ಹೇಳ್ದ. “ಆ ದೊಡ್ಡ ಹಾಲ್‌ನ ಸೀಲಿಂಗ್ ಕೆಲಸ ನೆನಪಿದೆಯಾ ಅಣ್ಣ? ಒಂದು ತಿಂಗಳು ಕತ್ತು ಮೇಲೆ ಮಾಡ್ಕೊಂಡೇ ಬಳಿದ್ವಿ. ಭುಜ ಕಿತ್ತು ಬರ್ತಿತ್ತು. ಏಣಿ ಹತ್ರ ಮತ್ತು ಬರೋ ಮದ್ದಿತ್ತು. ಒಂದು ಸಲ ಚುಚ್ಕೊಂಡ್ರೆ ನೋವು ಮಾಯ ಅಂದ. ನಿಜವಾಗ್ಲೂ ಮಾಯ ಆಯ್ತು. ಒಂದೇ ಸಲ ಅಂದ್ಕೊಂಡೆ.”

“ಆ ಕೆಲಸ ಮುಗಿದು ಎಂಟು ತಿಂಗಳಾಯ್ತಲ್ಲೋ!”

“ಬಿಡೋಕೆ ನೋಡ್ದೆ ಅಣ್ಣ. ಬಿಟ್ರೆ ಮೈಯೆಲ್ಲ ನಡುಕ, ಹೊಟ್ಟೆ ತೊಳೆಸುತ್ತೆ, ನಿದ್ದೆ ಇಲ್ಲ. ಮೂರು ಸಲ ಬಿಟ್ಟೆ, ಮೂರು ಸಲಾನೂ ಸೋತೆ.”

“ಸೋತವನು ಹೊರಡು! ಈ ಮನೇಲಿ ಇಂಥವಕ್ಕೆ ಜಾಗ ಇಲ್ಲ!”

ನನ್ನ ಹೆಂಡತಿ ಎದ್ದಳು, ಹೋಗಿ ಬಾಗಿಲಿಗೆ ಅಡ್ಡ ಕೂತಳು. “ಹೋಗು ಅನ್ನೋದಾದ್ರೆ ಇಬ್ರಿಗೂ ಹೇಳ್ರೀ. ಅವನ ಹಿಂದೇನೇ ನಾನೂ ಹೊರಟೆ. ನಾಳೆಯಿಂದ ನಿಮ್ಮ ಚಹಾ ನೀವೇ ಕಾಯಿಸ್ಕೊಳ್ಳಿ.”

ನೀರು ಕುದ್ದಿದೆಯೋ ಇಲ್ಲವೋ ಅನ್ನೋದೂ ಗೊತ್ತಾಗದ ಮನುಷ್ಯ ನಾನು. ಹೋಗು ಅಂದಿದ್ದನ್ನ ವಾಪಸ್ ತಗೊಂಡೆ.

ಮಾರನೇ ದಿನ ಬೆಳಿಗ್ಗೆ ಶಾಲೆಯ ಗೇಟಿನ ಹತ್ರ ಏಣಿ ನಿಂತಿದ್ದ. ಒಂದು ವಾರದಿಂದ ಕೆಲಸಕ್ಕೇ ಬಂದಿರಲಿಲ್ಲ. ನನಗೆ ಅವನನ್ನ ಕಂಡ ಕೂಡಲೇ ಮೈ ಉರಿದುಹೋಯ್ತು.

“ಮೇಸ್ತ್ರಿ, ಬೈಯೋದಿದ್ರೆ ಕೊನೇಲಿ ಬೈರಿ. ಮೊದಲು ನಾನು ಹೇಳೋದು ಕೇಳಿ,” ಅಂದ. “ನಾನು ಆ ಚಟ ಬಿಡೋಕೆ ಅಂತ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ರಕ್ತ ಪರೀಕ್ಷೆ ಮಾಡಿದ್ರು. ನನಗೆ ಎಚ್‌ಐವಿ ಇದೆ. ಗೆರೆ ನನ್ನ ಜೊತೆ ಕೂತು ಚುಚ್ಕೊಳ್ತಿದ್ದ, ನಿಮಗೆ ಗೊತ್ತಾಗಿರಬೇಕು. ಅವನಿಗೂ ಪರೀಕ್ಷೆ ಮಾಡಿಸಿ. ಇದನ್ನ ಹೇಳು ಅಂತ ಯಾರೂ ನನಗೆ ಬಲವಂತ ಮಾಡಿಲ್ಲ. ಮನಸ್ಸು ಕೇಳಲಿಲ್ಲ, ಬಂದೆ.”

ಏಣಿ ಒಂದು ಹೆಜ್ಜೆ ಮುಂದೆ ಬಂದ.

“ದೂರ ನಿಲ್ಲೋ!” ಅಂದೆ.

ಹನ್ನೆರಡು ವರ್ಷ ನನ್ನ ಜೊತೆ ಕೆಲಸ ಮಾಡಿದವನು. ನಾನು ಒಂದು ಸಲ ಅಟ್ಟಣೆಯಿಂದ ಜಾರಿದಾಗ ಬೆಲ್ಟ್ ಹಿಡಿದು ಮೇಲೆತ್ತಿದವನು. ಅಂಥವನಿಗೆ ‘ದೂರ ನಿಲ್ಲು’ ಅಂದೆ. ಅವನು ಅಲ್ಲೇ ನಿಂತು, ಒಂದು ಚೀಟಿ ಗೇಟಿನ ಮೇಲಿಟ್ಟು ಹೊರಟುಹೋದ. ಚೀಟೀಲಿ ಒಂದು ಫೋನ್ ನಂಬರ್, ಕೆಳಗೆ ‘ಸೈಕಲ್ ಅಕ್ಕ’ ಅಂತ ಬರೆದಿತ್ತು.

ಮನೆಗೆ ಬಂದು ಚೀಟೀನ ಹೆಂಡತಿ ಕೈಗೆ ಕೊಟ್ಟು ವಿಷಯ ಹೇಳ್ದೆ. ಅವಳು ಅಳುತ್ತಾ ಅಳುತ್ತಾನೇ ಫೋನ್ ಮಾಡೋಕೆ ಹೊರಗೆ ಹೋದಳು. ಅಷ್ಟರಲ್ಲಿ ನಾನು ಏನು ಮಾಡಿದೆ ಗೊತ್ತಾ? ಕಪಾಟಿನಿಂದ ಒಂದು ಲೋಟ, ಒಂದು ತಟ್ಟೆ ತೆಗೆದೆ. ಕೆಂಪು ಎನಾಮಲ್ ಡಬ್ಬ ತೆರೆದೆ. ಸಣ್ಣ ಬ್ರಷ್ ಅದ್ದಿ ಎರಡರ ಬುಡಕ್ಕೂ ಒಂದೊಂದು ಚುಕ್ಕಿ ಇಟ್ಟೆ. ಇವು ತಮ್ಮನಿಗೆ, ಉಳಿದಿದ್ದು ನಮಗೆ. ಯಾರಿಗೂ ಹೇಳಲಿಲ್ಲ. ಅವನ ಊಟ ಚಹಾ ನಾನೇ ಅದರಲ್ಲಿ ಹಾಕಿ ಕೊಟ್ಟೆ. ‘ಓಹೋ, ಅಣ್ಣನಿಗೆ ಏನು ಪ್ರೀತಿ ಬಂತು’ ಅಂತ ಹೆಂಡತಿ ಅಂದ್ಕೊಂಡಿರಬೇಕು. ಗೆರೆ ಮಾತ್ರ ಲೋಟ ಖಾಲಿ ಮಾಡಿ ಬುಡ ನೋಡ್ದ. ಪೇಂಟರ್ ಅಲ್ವಾ, ಹೊಸ ಬಣ್ಣದ ವಾಸನೆ ಗೊತ್ತಾಗುತ್ತೆ. ಲೋಟ ತಟ್ಟೆ ತಾನೇ ತೊಳೆದು ಬೇರೆ ಮೂಲೇಲಿ ಕವುಚಿ ಇಟ್ಟ.

ಮಂಗಳವಾರ ಮಧ್ಯಾಹ್ನ ಸೈಕಲ್ ಅಕ್ಕ ಬಂದಳು, ಏಣಿ ಹೋಗಿದ್ದ ಕ್ಲಿನಿಕ್ಕಿನ ಪರವಾಗಿ ಮನೆ ಮನೆಗೆ ಹೋಗೋ ಕಾರ್ಯಕರ್ತೆ. ನಲವತ್ತರ ಆಸುಪಾಸಿನ ಹೆಂಗಸು, ಗುಂಗುರು ಕೂದಲು, ನಗುಮುಖ. ಸೈಕಲ್ ಹಿಂದೆ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಕಟ್ಟಿತ್ತು. ಬಂದವಳೇ ಆ ಸಿರಿಂಜನ್ನ ಡಬ್ಬಿಗೆ ಹಾಕಿಸಿ ಮುಚ್ಚಳ ಒತ್ತಿದಳು. “ಇದನ್ನ ಕಸದ ಬುಟ್ಟಿಗೆ ಎಸೀಬೇಡಿ. ಕಸ ಎತ್ತೋರ ಕೈಗೆ ಚುಚ್ಚುತ್ತೆ. ಸೂಜಿಗೆ ವಾಪಸ್ ಮುಚ್ಚಳ ಹಾಕೋಕೂ ಹೋಗಬೇಡಿ,” ಅಂದಳು.

ನನ್ನ ಹೆಂಡತಿ ಚಹಾ ತಂದಳು. ಅವಸರದಲ್ಲಿ ಕೈಗೆ ಸಿಕ್ಕ ಲೋಟಕ್ಕೆ ಹಾಕಿದ್ದಳು. ಅಕ್ಕ ಲೋಟ ಎತ್ತಿದಾಗ ಬುಡದಲ್ಲಿ ಕೆಂಪು ಚುಕ್ಕಿ ಕಾಣಿಸ್ತು.

“ಅಯ್ಯೋ, ಅದು ಬೇಡ! ಅದರಲ್ಲಿ ಕುಡೀಬೇಡಿ!” ಅಂತ ನಾನು ಎದ್ದೇ ನಿಂತೆ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇಲ್ಲಿ ಯಾರೂ ಕಳ್ಳ ಅಂತ ಅನ್ನದೆ ನಾನೇ ಮುಟ್ಟಿ ನೋಡ್ಕೊಂಡೆ. ಅಕ್ಕ ಲೋಟ ಎತ್ತಿ ಬುಡ ನೋಡಿದಳು. ನನ್ನ ಹೆಂಡತಿ ನೋಡಿದಳು. ಮೂಲೇಲಿ ಕೂತಿದ್ದ ಗೆರೆ ಮುಖ ಆ ಕಡೆ ತಿರುಗಿಸ್ಕೊಂಡ.

“ಇದು ಗೆರೆ ಲೋಟನಾ?” ಅಂತ ಕೇಳಿ ಅಕ್ಕ ಗಟಗಟ ಅಂತ ಪೂರ್ತಿ ಚಹಾ ಕುಡಿದು ಲೋಟ ಕೆಳಗಿಟ್ಟಳು. “ಚಹಾ ಚೆನ್ನಾಗಿದೆ. ಮೇಸ್ತ್ರಿ, ಎಚ್‌ಐವಿ ಲೋಟದಿಂದ ಬರಲ್ಲ. ತಟ್ಟೆಯಿಂದ ಬರಲ್ಲ. ಒಂದೇ ಬಚ್ಚಲು, ಒಂದೇ ಹಾಸಿಗೆ, ಕೆಮ್ಮು, ಸೀನು, ಸೊಳ್ಳೆ, ಯಾವುದರಿಂದಲೂ ಬರಲ್ಲ. ತಬ್ಬಿಕೊಂಡ್ರೂ ಬರಲ್ಲ. ಬರೋದು ರಕ್ತದಿಂದ, ರಕ್ಷಣೆ ಇಲ್ಲದ ದೇಹಸಂಪರ್ಕದಿಂದ, ಇಲ್ಲಾ ಚಿಕಿತ್ಸೆ ತಗೊಳ್ಳದ ತಾಯಿಯಿಂದ ಮಗುವಿಗೆ.”

“ನಿಮಗೇನಮ್ಮ, ಹೇಳೋದು ಸುಲಭ. ನಿಮ್ಮ ಮನೇಲಿ ಬಂದಿದ್ರೆ ಗೊತ್ತಾಗ್ತಿತ್ತು,” ಅಂದೆ.

“ಬಂದಿದೆ ಮೇಸ್ತ್ರಿ. ನನಗೇ ಇದೆ. ನಾನೂ ಸೂಜಿ ಚುಚ್ಕೊಂಡವಳೇ. ಹನ್ನೊಂದು ವರ್ಷದಿಂದ ದಿನಾ ಮಾತ್ರೆ ತಗೊಳ್ತಾ ಇದ್ದೀನಿ. ಗಂಡ ಇದ್ದಾನೆ, ಮಗಳಿದ್ದಾಳೆ, ಇಬ್ರಿಗೂ ಇಲ್ಲ. ನಿಮ್ಮ ಮನೆ ಮುಂದಿನ ಏರನ್ನ ಸೈಕಲ್‌ನಿಂದ ಇಳಿಯದೇ ಹತ್ತಿದೆ. ನೀವು ಹತ್ತಿ ತೋರಿಸಿ ನೋಡೋಣ.”

ಹೆಂಡತಿಗೆ ಅಂಥಾ ಹೊತ್ತಲ್ಲೂ ನಗು ಬಂತು.

ಆಮೇಲೆ ಅಕ್ಕ ಗೆರೆ ಪಕ್ಕ ಹೋಗಿ ಕೂತಳು. “ಹೇಳಪ್ಪ. ಎಲ್ಲರೂ ಇಲ್ಲೇ ಇರಲಾ, ಇಲ್ಲ ನಾವಿಬ್ಬರೇ ಮಾತಾಡೋಣ್ವಾ?” ಅಂದಳು.

“ಇರಲಿ ಅಕ್ಕ. ಮುಚ್ಚಿಡೋಕೆ ಇನ್ನೇನೂ ಉಳಿದಿಲ್ಲ,” ಅಂದ ಗೆರೆ. “ಆದ್ರೆ ನನಗೆ ಆ ಕಾಯಿಲೆ ಬರೋಕೆ ಸಾಧ್ಯ ಇಲ್ಲ. ನನ್ನ ಸೂಜಿ ನಂದು. ಏಣಿಗೂ ಕೊಟ್ಟಿಲ್ಲ, ಅವನದ್ದು ನಾನೂ ಮುಟ್ಟಿಲ್ಲ. ಅಣ್ಣ ಹೇಳಿಕೊಟ್ಟ ಹಾಗೆ, ನನ್ನ ಬ್ರಷ್ ನಂದೇ.”

ನನಗೆ ಹೋದ ಜೀವ ಬಂದ ಹಾಗಾಯ್ತು. “ನೋಡಿದ್ಯಾ! ನಾನು ಕಲಿಸಿದ ಪಾಠ!” ಅಂತ ಹೆಂಡತಿ ಕಡೆ ತಿರುಗಿದೆ.

ಅಕ್ಕ ಮಾತ್ರ ನಗಲಿಲ್ಲ. “ಸೂಜಿ ಬೇರೆ ಬೇರೆ, ಒಳ್ಳೇದಾಯ್ತು. ನೀರು?”

“ನೀರಾ?”

“ಚುಚ್ಕೊಂಡ ಮೇಲೆ ಸಿರಿಂಜ್ ತೊಳೆದ್ರಲ್ಲ, ಯಾವ ನೀರಲ್ಲಿ? ಮದ್ದು ಕಲೆಸಿದ ಚಮಚ ಎಷ್ಟಿತ್ತು? ಮದ್ದು ಸೋಸಿದ ಹತ್ತಿ ಎಷ್ಟಿತ್ತು?”

ಗೆರೆ ಮೆಲ್ಲಗೆ, “ನೀರು ಒಂದೇ ಡಬ್ಬ ಅಕ್ಕ. ಚಮಚಾನೂ ಒಂದೇ. ನಾವು ಕೆಲಸದಲ್ಲಿ ಮಾಡೋ ಹಾಗೇನೇ…” ಅಂದ.

ಅಕ್ಕ ನನ್ನ ಕಡೆ ತಿರುಗಿದಳು. “ಮೇಸ್ತ್ರಿ, ನಿಮ್ಮ ಡಬ್ಬದಲ್ಲಿ ಒಬ್ಬ ಕೆಂಪು ಬ್ರಷ್ ಅದ್ದಿ ತೆಗೆದ ಅಂತಿಟ್ಕೊಳ್ಳಿ. ಅದರ ಹಿಂದೇನೇ ನೀವು ನಿಮ್ಮ ಬಿಳಿ ಬ್ರಷ್ ಅದ್ದಿದ್ರೆ?”

“ಬಿಳಿ ಹೋಯ್ತು. ತಿಳಿ ಗುಲಾಬಿ ಆಗುತ್ತೆ,” ಅಂದೆ. ಅಂದವನು ಅಲ್ಲೇ ನಿಂತುಬಿಟ್ಟೆ. ನನ್ನ ಬಾಯಿಂದಾನೇ ಬಂದ ಮಾತು.

“ಅಷ್ಟೇ. ಸಿರಿಂಜಲ್ಲಿ ಉಳಿದ ರಕ್ತಾನೂ ಹಾಗೇ ನೀರಿಗೆ ಸೇರುತ್ತೆ. ಅಷ್ಟು ಸ್ವಲ್ಪ ಇದ್ದಾಗ ನೀರಿನ ಬಣ್ಣ ಬದಲಾಗಿದ್ದು ಕಣ್ಣಿಗೆ ಕಾಣಲ್ಲ. ನೀರು, ಚಮಚ, ಹತ್ತಿ, ಇದರಲ್ಲಿ ಯಾವುದು ಹಂಚ್ಕೊಂಡ್ರೂ ಅಪಾಯ ಇದೆ. ಎಚ್‌ಐವಿ ಬರಬಹುದು. ಲಿವರ್ ಹಾಳು ಮಾಡೋ ಹೆಪಟೈಟಿಸ್ ಸಿ ಅಂತೂ ಇನ್ನೂ ಸಲೀಸಾಗಿ ಬರುತ್ತೆ. ಬಂದೇ ಬಂದಿದೆ ಅಂತ ನಾನು ಹೇಳ್ತಾ ಇಲ್ಲ. ಪರೀಕ್ಷೆ ಮಾಡಿಸದೆ ಗೊತ್ತಾಗಲ್ಲ ಅಂತ ಹೇಳ್ತಾ ಇದ್ದೀನಿ. ಕೊನೇ ಸಲ ಒಟ್ಟಿಗೆ ಕೂತಿದ್ದು ಯಾವಾಗ?”

“ಮೂರು ವಾರ ಆಯ್ತು.”

“ಮೂರು ದಿನದ ಒಳಗೆ ಬಂದಿದ್ರೆ ಎಚ್‌ಐವಿ ತಡೆಯೋ ಮಾತ್ರೆ ಶುರು ಮಾಡಬಹುದಿತ್ತು. ಆ ಹೊತ್ತು ದಾಟಿದೆ. ಇರಲಿ, ನಾಳೆ ಬನ್ನಿ. ಪರೀಕ್ಷೆ ಉಚಿತ, ಹೊರಗೆ ಯಾರಿಗೂ ಹೇಳಲ್ಲ.”

ಎಲ್ಲರಿಗೂ ಕಲಿಸಿಕೊಟ್ಟ ನನ್ನ ಜಾಣತನ ನನ್ನ ಮನೆಗೇ ಬಂದು ಕೂತಿತ್ತು. ತಮ್ಮ ನನ್ನ ಮಾತನ್ನ ಒಂದಕ್ಷರ ಬಿಡದೆ ಪಾಲಿಸಿದ್ದ. ನನಗೆ ಅಳು ಬಂತು ರೀ. ಎಲ್ಲರ ಮುಂದೇನೇ ಅತ್ತೆ. ನಾನು ಅತ್ತಿದ್ದು ನೋಡಿ ಗೆರೆ ಹೆದರಿ, ನನ್ನ ಹತ್ರ ಬಂದು, “ಅಣ್ಣ, ನೀನು ಹೇಳಿದ್ದು ಬಣ್ಣಕ್ಕೆ. ನಾನು ತಪ್ಪಾಗಿ ಬೇರೆ ಕಡೆ ಹಚ್ಚಿಕೊಂಡೆ,” ಅಂದ.

ಅಕ್ಕ ಹೋದ ಮೇಲೆ ನನ್ನ ಹೆಂಡತಿ ಕಪಾಟಲ್ಲಿದ್ದ ಅಷ್ಟೂ ಲೋಟ ತಟ್ಟೆ ತಂದು ನನ್ನ ಮುಂದೆ ಸುರಿದಳು. ಕೆಂಪು ಡಬ್ಬ, ಬ್ರಷ್ ಪಕ್ಕದಲ್ಲಿಟ್ಟಳು.

“ಮೇಸ್ತ್ರಿಗಳೇ, ಕೆಲಸ ಅರ್ಧಕ್ಕೇ ಬಿಟ್ಟಿದ್ದೀರಿ. ಉಳಿದವಕ್ಕೂ ಚುಕ್ಕಿ ಇಡಿ.”

“ಏನೇ ಇದು…”

“ಇಡ್ತೀರೋ, ಇಲ್ಲಾ ನಾನೇ ಇಡಲೋ? ನಾನಿಟ್ರೆ ನಿಮ್ಮ ಹಣೆಗೂ ಒಂದು ಬೀಳುತ್ತೆ.”

ಹನ್ನೊಂದು ಲೋಟ, ಒಂಬತ್ತು ತಟ್ಟೆ. ಎಲ್ಲದರ ಬುಡಕ್ಕೂ ಚುಕ್ಕಿ ಇಟ್ಟೆ. ಒಣಗಿದ ಮೇಲೆ ಯಾವುದು ಯಾರದ್ದು ಅಂತ ನನಗೇ ಗೊತ್ತಾಗಲಿಲ್ಲ.

ಮರುದಿನ ಕ್ಲಿನಿಕ್ಕಿಗೆ ಮೂವರೂ ಹೋದ್ವಿ. ಗೆರೆ ಒಬ್ಬನೇ ಕೈ ಚಾಚೋದು ಬೇಡ ಅಂತ ನನ್ನ ಹೆಂಡತಿ ತನಗೂ ಮಾಡಿ ಅಂದಳು. ಆಮೇಲೆ ನನ್ನ ಕಡೆ ನೋಡಿದಳು. ಮೂವತ್ತು ಅಡಿ ಅಟ್ಟಣೆ ಮೇಲೆ ಹಾಡು ಹೇಳ್ಕೊಂಡು ನಿಲ್ಲೋ ಮನುಷ್ಯ ನಾನು. ಬೆರಳ ತುದೀಲಿ ಒಂದು ಹನಿ ರಕ್ತ ತೆಗೆದಿದ್ದಕ್ಕೆ ಕಣ್ಣು ಕತ್ತಲೆ ಬಂದು ಬೆಂಚಿನ ಮೇಲೆ ಒರಗಿದೆ. ನರ್ಸಮ್ಮ ನೀರು ಚಿಮುಕಿಸಿದಳಂತೆ. ಇದನ್ನ ಗೆರೆ ಈಗಲೂ ಸಿಕ್ಕ ಸಿಕ್ಕವರಿಗೆಲ್ಲ ಹೇಳ್ತಾನೆ.

ಅರ್ಧ ಗಂಟೇಲಿ ಫಲಿತಾಂಶ ಬಂತು. ಮೂವರಿಗೂ ಎಚ್‌ಐವಿ ಇಲ್ಲ. ನಾನು ಕುಣಿಯೋದೊಂದು ಬಾಕಿ. ಅಷ್ಟರಲ್ಲಿ ಅಕ್ಕ ಕೈ ಅಡ್ಡ ಮಾಡಿದಳು. “ಸ್ವಲ್ಪ ತಡೀರಿ ಮೇಸ್ತ್ರಿ. ಹೊಸದಾಗಿ ಬಂದಿದ್ರೆ ಇಷ್ಟು ಬೇಗ ಪರೀಕ್ಷೇಲಿ ಕಾಣದೇ ಇರಬಹುದು. ಕೊನೇ ಸಲ ಹಂಚ್ಕೊಂಡ ದಿನದಿಂದ ಮೂರು ತಿಂಗಳು ಆದ ಮೇಲೆ ಗೆರೆ ಇನ್ನೊಂದು ಸಲ ಮಾಡಿಸಬೇಕು. ಅಲ್ಲಿವರೆಗೂ ಸೂಜಿ, ನೀರು, ಚಮಚ ಏನೂ ಹಂಚ್ಕೊಳ್ಳೋ ಹಾಗಿಲ್ಲ.”

ಇನ್ನೂ ಹತ್ತು ವಾರ ಕಾಯಬೇಕು. ಬಣ್ಣ ಹಸಿ ಇದ್ದಾಗ ಮುಟ್ಟಬೇಡ ಅಂತ ಊರಿಗೆಲ್ಲ ಹೇಳೋ ನನಗೆ ಕಾಯೋದು ಅಂದ್ರೆ ಆಗಲ್ಲ.

ಚಟದ ವಿಷಯಕ್ಕೆ ಡಾಕ್ಟರ್ ಬೇರೆ ದಾರಿ ತೋರಿಸಿದ್ರು. ನಾಲಿಗೆ ಕೆಳಗೆ ಇಡೋ ಒಂದು ಮಾತ್ರೆ. ದಿನಾ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಅವರ ಎದುರಿಗೇ ತಗೊಳ್ಳಬೇಕು. ಅದರಿಂದ ಮೈ ನಡುಕ, ಸಂಕಟ ಇಳಿಯುತ್ತೆ, ಸೂಜಿ ಬೇಕು ಅನ್ನೋ ಹಪಾಹಪಿ ಕಡಿಮೆ ಆಗುತ್ತೆ.

“ಒಂದು ಚಟ ಬಿಡಿಸೋಕೆ ಇನ್ನೊಂದು ಚಟನಾ ಡಾಕ್ಟ್ರೇ?” ಅಂತ ನಾನು ಮೂಗು ತೂರಿಸಿದೆ.

“ಕಾಲು ಮುರಿದವನಿಗೆ ಊರುಗೋಲು ಕೊಟ್ರೆ ಅದು ಚಟನಾ?” ಅಂದ್ರು ಅವರು. “ಇದು ಕಾಯಿಲೆ. ಬೈದ್ರೆ ವಾಸಿ ಆಗೋ ಹಾಗಿದ್ರೆ ನಿಮ್ಮ ಮನೇಲೇ ವಾಸಿ ಆಗ್ತಿತ್ತು.”

ನನ್ನ ಹೆಂಡತಿ ಮತ್ತೆ ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕಿದ್ದೆಲ್ಲ ನನ್ನನ್ನ ನೋಡೇ.

ಗೆರೆಗೆ ಸುಲಭ ಆಗಲಿಲ್ಲ. ಐದನೇ ವಾರ ಒಂದು ಸಲ ಜಾರಿದ, ಮತ್ತೆ ಚುಚ್ಕೊಂಡ. ಮನೆಗೆ ಬಂದು ಅತ್ತಿಗೆ ಹತ್ರ ತಾನೇ ಹೇಳ್ಕೊಂಡ. “ಹಂಚ್ಕೊಂಡ್ಯಾ?” ಅಂತ ಮಾತ್ರ ಅವಳು ಕೇಳಿದ್ದು. “ಇಲ್ಲ ಅತ್ತಿಗೆ. ಅಕ್ಕ ಕೊಟ್ಟ ಹೊಸ ಸೂಜಿ, ನೀರು, ಚಮಚ ಎಲ್ಲಾ ಬೇರೆ. ನಾನೊಬ್ಬನೇ,” ಅಂದ. ಒಬ್ಬನೇ ಚುಚ್ಕೊಳ್ಳೋದೂ ಅಪಾಯ, ಮದ್ದು ಜಾಸ್ತಿಯಾಗಿ ಉಸಿರು ನಿಂತ್ರೆ ನೋಡೋರು ಯಾರೂ ಇರಲ್ಲ ಅಂತ ಅಕ್ಕ ಗದರಿದಳು. ನನಗೂ ಬೈಯೋಕೆ ಬಾಯಿ ತುರಿಸ್ತು. ಹೆಂಡತಿ ಕಣ್ಣು ಬಿಟ್ಟಳು, ನುಂಗಿಕೊಂಡೆ. ಮಾರನೇ ಬೆಳಿಗ್ಗೆ ಅವನ ಜೊತೆ ನಾನೇ ಕ್ಲಿನಿಕ್ಕಿನವರೆಗೂ ನಡೆದೆ. ಆಮೇಲೆ ದಿನಾ ನಡೆದೆ. ದಾರೀಲಿ ನಾವಿಬ್ಬರೂ ಕಂಡ ಕಂಡ ಗೋಡೆಗಳಲ್ಲೆಲ್ಲ ತಪ್ಪು ಹುಡುಕ್ತಾ ಹೋಗ್ತಿದ್ವಿ, ‘ಇದನ್ನ ಯಾವ ಕುರುಡ ಬಳಿದ’ ಅಂತ.

ಏಣಿ ಹತ್ರಾನೂ ಹೋದೆ. ಅವನ ಮನೆ ಬಾಗಿಲಲ್ಲಿ ನಿಂತು, “ತಪ್ಪಾಯ್ತು ಕಣೋ,” ಅಂದೆ. ಇಪ್ಪತ್ತೆಂಟು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದಿದ್ದು ಅದೇ ಮೊದಲು. ಅವನು ಬಾಗಿಲ ಚೌಕಟ್ಟಿಗೆ ತಲೆ ತಗುಲದ ಹಾಗೆ ಬಗ್ಗಿ ಹೊರಗೆ ಬಂದ.

“ದೂರ ನಿಲ್ಲಲಾ ಮೇಸ್ತ್ರಿ?” ಅಂದ.

“ಹತ್ರ ಬಾರೋ ಮಾರಾಯ. ನೀನಿಲ್ದೆ ಮೇಲಿನ ಮೂಲೆಗಳೆಲ್ಲ ಹಾಗೇ ಬಿದ್ದಿವೆ,” ಅಂತ ಅವನನ್ನ ತಬ್ಬಿಕೊಂಡೆ. ನನ್ನ ತಲೆ ಅವನ ಎದೆಗೆ ಬಂತು ಅಷ್ಟೇ.

ಏಣಿನೂ ಈಗ ದಿನಾ ಎಚ್‌ಐವಿ ಮಾತ್ರೆ ತಗೊಳ್ತಾನೆ, ಒಂದು ದಿನ ತಪ್ಪಿಸಲ್ಲ. ತೂಕ ಹೆಚ್ಚಾಗಿದೆ. ಅವನ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆ ಆಗಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಹಾಗೇ ಇಟ್ಕೊಂಡ್ರೆ ದೇಹಸಂಪರ್ಕದಿಂದ ಅವನ ಹೆಂಡತಿಗೆ ಹರಡಲ್ಲವಂತೆ. “ಆದ್ರೂ ಸೂಜಿ ಮಾತ್ರ ಯಾರ ಜೊತೇನೂ ಇಲ್ಲ,” ಅಂತ ಅಕ್ಕ ಅವನಿಗೆ ಪ್ರತೀ ಸಲಾನೂ ಕಿವಿ ಹಿಂಡ್ತಾಳೆ.

ಹತ್ತು ವಾರ ಮುಗೀತು. ಎರಡನೇ ಪರೀಕ್ಷೆ ದಿನ ನಾನು ಕ್ಲಿನಿಕ್ಕಿನ ಗೋಡೆ ನೋಡ್ತಾ ಕೂತಿದ್ದೆ. ಎಲ್ಲೆಲ್ಲಿ ಬಣ್ಣ ಕಿತ್ತಿದೆ ಅಂತ ಈಗಲೂ ಹೇಳಬಲ್ಲೆ, ಅಷ್ಟು ಸಲ ನೋಡಿದ್ದೀನಿ. ಹೆಂಡತಿ ಗೆರೆಯ ಕೈ ಹಿಡಿದಿದ್ದಳು. ಅವನಿಗೆ ಇಪ್ಪತ್ತಾರು ವರ್ಷ. ಆವತ್ತು ನನ್ನ ಕಣ್ಣಿಗೆ ಒಂಬತ್ತೇ ಕಾಣಿಸ್ತು.

ಅಕ್ಕ ಹೊರಗೆ ಬಂದು ಗೆರೆನ ಒಳಗೆ ಕರೆದಳು. ನಾವು ಹೊರಗೇ ಕೂತ್ವಿ. ಅದು ಅವನ ರಿಪೋರ್ಟು, ಮೊದಲು ಅವನಿಗೇ ಹೇಳಬೇಕಂತೆ. ಬಾಗಿಲು ತೆರೆದಾಗ ಗೆರೆ ಅಳ್ತಾ ಇದ್ದ. ನಾನು ಬೆಂಚಿಂದ ಎದ್ದೇಬಿಟ್ಟೆ.

“ಇಲ್ಲ ಅತ್ತಿಗೆ,” ಅಂದ. “ಎಚ್‌ಐವಿ ಇಲ್ಲ.”

ಅವಳು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. “ಮತ್ತೆ ಯಾಕೋ ಅಳ್ತೀಯಾ, ಪಾಪಿ! ನನ್ನ ಜೀವ ಹೋಯ್ತಲ್ಲೋ!” ಅಂತ ಹೇಳಿ ತಾನೂ ಗೊಳೋ ಅಂತ ಅತ್ತಳು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು ಅಂತಾರಲ್ಲ, ಅದು ಏನು ಅಂತ ನನಗೆ ಆವತ್ತು ಗೊತ್ತಾಯ್ತು.

ಆದ್ರೆ ಆ ಡಬ್ಬದ ನೀರು ನಮ್ಮನ್ನ ಸುಮ್ಮನೆ ಬಿಡಲಿಲ್ಲ. ಅದೇ ದಿನದ ರಕ್ತ ಪರೀಕ್ಷೇಲಿ ಗೆರೆಗೆ ಹೆಪಟೈಟಿಸ್ ಸಿ ಬಂದಿರೋದು ಗೊತ್ತಾಯ್ತು. ಸೂಜಿ ಬೇರೆ ಇದ್ರೂ ಬಂದಿತ್ತು ನೋಡಿ. ಅಕ್ಕ ಕೇಳಿದ ‘ನೀರು?’ ಅನ್ನೋ ಒಂದು ಮಾತು ಎಷ್ಟು ನಿಜ ಅಂತ ಆಗ ತಿಳೀತು. ಅದೃಷ್ಟ ಏನಂದ್ರೆ ಅದಕ್ಕೆ ವಾಸಿ ಮಾಡೋ ಮಾತ್ರೆ ಇದೆ. ಮೂರು ತಿಂಗಳು ತಗೊಂಡ. ಹೋದ ತಿಂಗಳ ಪರೀಕ್ಷೇಲಿ ಅದೂ ಹೋಗಿತ್ತು. ಬೇಗ ಗೊತ್ತಾಗಿದ್ದಕ್ಕೆ ಲಿವರ್ ಉಳೀತು. ಗೊತ್ತಾಗದೇ ಹೋಗಿದ್ರೆ ಇಪ್ಪತ್ತು ವರ್ಷ ಆದ ಮೇಲೆ ಗೊತ್ತಾಗ್ತಿತ್ತು, ಆಗ ಹೊತ್ತು ಮೀರಿರ್ತಿತ್ತು.

ಆ ಶಾಲೆಯವರು ಈ ವರ್ಷ ಮತ್ತೆ ಕರೆದ್ರು. ಅಲೆ ಅಲೆಯಾಗಿದ್ದ ಗೋಡೆ ಹಾಗೇ ಉಳಿದಿತ್ತು, ನಾನು ಸರಿ ಮಾಡಿಸಿರಲಿಲ್ಲ. ಗೆರೆ ಬ್ರಷ್ ಅದ್ದಿ, ಉಸಿರು ಬಿಗಿಹಿಡಿದು, ಆ ತುದಿಯಿಂದ ಈ ತುದಿಗೆ ಎಳೆದ. ಅರ್ಧ ತೋಳಿನ ಅಂಗಿ ಹಾಕಿದ್ದ. ನಾನು ಅಳತೆಪಟ್ಟಿ ಹಿಡಿದು ತಪ್ಪು ಹುಡುಕೋಕೆ ನೋಡ್ದೆ. ಸಿಗಲಿಲ್ಲ. ಸಿಗದೇ ಇದ್ದಿದ್ದಕ್ಕೆ ಎಂದೂ ಇಷ್ಟು ಸಂತೋಷ ಆಗಿರಲಿಲ್ಲ.

ಮಧ್ಯದಲ್ಲಿ ತೊಳೆಯೋ ಡಬ್ಬ ಈಗಲೂ ಒಂದೇ. ಬಣ್ಣಕ್ಕೆ ಅಷ್ಟು ಸಾಕು. ಆದ್ರೆ ಕೆಲಸಕ್ಕೆ ಯಾರಾದ್ರೂ ಹೊಸಬ ಬಂದ್ರೆ ನನ್ನ ಪಾಠದ ಜೊತೆ ಇನ್ನೊಂದು ಮಾತು ಸೇರಿಸಿ ಹೇಳ್ತೀನಿ. ಈ ನಿಯಮ ಗೋಡೆಗೆ ಕಣಪ್ಪ, ಮೈಗಲ್ಲ.

ಈಗ ನಿಮಗೆ ಹೇಳ್ತೀನಿ, ಕೇಳಿ. ನಿಮ್ಮ ಮನೇಲಿ, ನೀವು ಕೆಲಸ ಮಾಡೋ ಕಡೆ, ಯಾರಾದ್ರೂ ಬಿಸಿಲಲ್ಲೂ ತೋಳು ಮುಚ್ಕೊಂಡು ನಡುಗ್ತಾ ಇದ್ರೆ ಕೂಗಾಡಬೇಡಿ, ಪಕ್ಕದಲ್ಲಿ ಕೂತು ಕೇಳಿ. ನೀವೇ ಚುಚ್ಕೊಳ್ತಾ ಇದ್ರೆ ಸೂಜಿ, ಸಿರಿಂಜು, ನೀರು, ಚಮಚ, ಹತ್ತಿ ಯಾವುದನ್ನೂ ಯಾರ ಜೊತೇನೂ ಹಂಚ್ಕೊಳ್ಳಬೇಡಿ. ಹಂಚ್ಕೊಂಡುಬಿಟ್ಟಿದ್ರೆ ಇವತ್ತೇ ಆಸ್ಪತ್ರೆಗೆ ಹೋಗಿ, ಮೂರು ದಿನದ ಒಳಗಾದ್ರೆ ತಡೆಯೋಕೂ ದಾರಿ ಇದೆ. ದಿನ ದಾಟಿದ್ರೂ ಹೋಗಿ, ಪರೀಕ್ಷೆ ಮಾಡಿಸಿ, ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಿ. ‘ಇದೆ’ ಅಂತ ಬಂದ್ರೂ ಬದುಕು ಮುಗಿಯಲ್ಲ. ನಂಬಿಕೆ ಬರದಿದ್ರೆ ನಮ್ಮ ಏಣಿನ ನೋಡಿ, ಸೈಕಲ್ ಅಕ್ಕನ ಹಿಂದೆ ಆ ಏರು ಹತ್ತಿ ನೋಡಿ.

ಹಾಗೇ ಒಂದು ಸಲ ನಮ್ಮ ಮನೆಗೂ ಬನ್ನಿ. ನಮ್ಮ ಲೋಟದಲ್ಲೇ ಚಹಾ ಕೊಡ್ತೀವಿ. ಏಣಿನೂ ಅದರಲ್ಲೇ ಕುಡೀತಾನೆ, ಗೆರೆನೂ ಅದರಲ್ಲೇ ಕುಡೀತಾನೆ, ನಾನೂ ಅದರಲ್ಲೇ ಕುಡೀತೀನಿ. ಕುಡಿದು ಮುಗಿದ ಮೇಲೆ ಲೋಟದ ಬುಡ ತಿರುಗಿಸಿ ನೋಡಿ. ನಿಮ್ಮದಕ್ಕೂ ಕೆಂಪು ಚುಕ್ಕಿ ಇರುತ್ತೆ.